ಮಕ್ಕಳಲ್ಲಿ ವಿಲ್ಸನ್ ಕಾಯಿಲೆ, ಲಿವರ್ ಫೇಲ್ಯೂರ್ ಮತ್ತು ರಕ್ತ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿನ ಕಾಮಣಿ ಏರುತ್ತಲೇ ಇರುತ್ತದೆ. ದವಾಖಾನೆಯವರು ‘ವಿಲ್ಸನ್ ಇರಬಹುದು, ಕಾಪರ್ ಟೆಸ್ಟ್ ಕಳಿಸಿದ್ದೇವೆ’ ಅನ್ನುತ್ತಾರೆ. ರಿಪೋರ್ಟ್‌ಗೆ ಇನ್ನೂ ಕೆಲವು ದಿನ. ಆ ಹೊತ್ತಿನಲ್ಲಿ ಮನೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ರಿಪೋರ್ಟ್ ಅರ್ಥ ಮಾಡಿಕೊಳ್ಳಲು ಇದು ನೆರವಾಗುತ್ತದೆ, ಅಷ್ಟೇ. ಔಷಧ ಶುರು ಮಾಡುವುದು, ನಿಲ್ಲಿಸುವುದು ಮಗುವನ್ನು ನೋಡಿದ ಡಾಕ್ಟರ್‌ಗೆ ಬಿಟ್ಟದ್ದು.

ವಿಲ್ಸನ್ ಕಾಯಿಲೆ ಅಂದರೆ ಏನು? ತಾಮ್ರಕ್ಕೂ ಲಿವರ್‌ಗೂ ಏನು ಸಂಬಂಧ?

ನಾವು ಉಣ್ಣುವ ಊಟದಲ್ಲಿ ದಿನಾ ಸ್ವಲ್ಪ ತಾಮ್ರ ಇರುತ್ತದೆ. ದೇಹಕ್ಕೆ ಅದು ಬೇಕು ಕೂಡ. ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಲಿವರ್ ಪಿತ್ತರಸದ ಜೊತೆ ಹೊರಗೆ ಹಾಕುತ್ತದೆ. ಈ ಕೆಲಸ ನಡೆಸುವ ಜೀನ್ ಹೆಸರು ಎಟಿಪಿ7ಬಿ. ಅದು 13ನೇ ಕ್ರೋಮೋಸೋಮಿನಲ್ಲಿದೆ. ಈ ಜೀನ್ ಕೆಟ್ಟಿದ್ದರೆ ಎರಡು ತೊಂದರೆ ಒಟ್ಟಿಗೆ ಆಗುತ್ತವೆ. ತಾಮ್ರ ಹೊರಗೆ ಹೋಗುವುದಿಲ್ಲ. ಜೊತೆಗೆ, ರಕ್ತದಲ್ಲಿ ತಾಮ್ರವನ್ನು ಹೊತ್ತೊಯ್ಯುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿಗೆ ತಾಮ್ರ ಸೇರುವುದಿಲ್ಲ. ತಾಮ್ರ ಸೇರದ ಸೆರುಲೋಪ್ಲಾಸ್ಮಿನ್ ಬೇಗ ಹಾಳಾಗುತ್ತದೆ. ರಕ್ತ ಪರೀಕ್ಷೆಯಲ್ಲಿ ಅದು ಕಡಿಮೆ ಬರುವುದು ಇದಕ್ಕೇ.

ಕಿನ್ನಿಯರ್ ವಿಲ್ಸನ್ ಎಂಬ ಡಾಕ್ಟರ್ 1912ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಜೀನ್ ಸಿಕ್ಕಿದ್ದು 1993ರಲ್ಲಿ.

ಹುಟ್ಟಿನಿಂದಲೇ ತಾಮ್ರ ಲಿವರ್‌ನಲ್ಲಿ ಕೂಡುತ್ತಾ ಹೋಗುತ್ತದೆ. ವರ್ಷಗಟ್ಟಲೆ ಮೇಲೆ ಏನೂ ಕಾಣುವುದಿಲ್ಲ. ಮಗು ಶಾಲೆಗೆ ಹೋಗುತ್ತದೆ, ಆಡುತ್ತದೆ. ಕೆಲವು ಮಕ್ಕಳಲ್ಲಿ ಒಂದು ದಿನ ಲಿವರ್ ಕೋಶಗಳು ಒಮ್ಮೆಲೇ ಸತ್ತು, ಒಳಗಿದ್ದ ತಾಮ್ರವೆಲ್ಲ ರಕ್ತಕ್ಕೆ ನುಗ್ಗುತ್ತದೆ. ಆ ತಾಮ್ರ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಕಿಡ್ನಿಗೂ ಪೆಟ್ಟು ಕೊಡುತ್ತದೆ. ಇದೇ ವಿಲ್ಸನ್‌ನ ಅಕ್ಯೂಟ್ ಲಿವರ್ ಫೇಲ್ಯೂರ್. 5 ವರ್ಷ ದಾಟಿದ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಇದು ಜಾಸ್ತಿ. ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು ಕಾಣುತ್ತದೆ.

ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಈ ಮಗುವಿಗೆ ಹೇಗೆ ಬಂತು?

ಕಾಯಿಲೆ ಬರಬೇಕಾದರೆ ಕೆಟ್ಟ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರಬೇಕು. ಒಂದೇ ಇದ್ದವರಿಗೆ ಏನೂ ಆಗುವುದಿಲ್ಲ. ಅವರು ಸುಮ್ನೆ ವಾಹಕರು. ತಲೆಮಾರುಗಳಿಂದ ಅದು ಮನೆಯಲ್ಲಿದ್ದರೂ ಯಾರಿಗೂ ಗೊತ್ತಾಗಿರುವುದಿಲ್ಲ. ಸಾಮಾನ್ಯವಾಗಿ ಹೇಳುವ ಲೆಕ್ಕದಂತೆ 30,000 ಜನರಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ, 90 ಜನರಲ್ಲಿ ಒಬ್ಬರು ವಾಹಕರು.

ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವುದು ಹಳೆಯ ರೂಢಿ. ಒಂದೇ ಮನೆತನದ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಆಗ ಏರುತ್ತದೆ. ಹಾಗಂತ ಸಂಬಂಧದಲ್ಲಿ ಮದುವೆಯಾದವರಿಗಷ್ಟೇ ಬರುತ್ತದೆ ಅಂತಲ್ಲ. ಇದನ್ನು ಹಿಡಿದು ಸೊಸೆಯ ತವರನ್ನು ದೂರುವವರಿಗೆ ಒಂದು ಮಾತು: ಎರಡೂ ಕಡೆಯಿಂದ ಬರದೆ ಈ ಕಾಯಿಲೆ ಬರುವುದೇ ಇಲ್ಲ.

ಕಾಮಣಿ ಆದ ಎಲ್ಲ ಮಕ್ಕಳಿಗೂ ಈ ಟೆಸ್ಟ್ ಬೇಕಾ?

ಬೇಡ. ಮಕ್ಕಳ ಕಾಮಣಿಯಲ್ಲಿ ಬಹುಪಾಲು ಕೊಳಕು ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ. ಅದು ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ. ವಿಲ್ಸನ್ ನೆನಪಾಗಬೇಕಾದದ್ದು ಇಂಥ ಹೊತ್ತಿನಲ್ಲಿ: ಕಾಮಣಿಯ ಜೊತೆ ರಕ್ತಹೀನತೆ ಇದೆ, ಹೊಟ್ಟೆಯಲ್ಲಿ ನೀರು ತುಂಬಿದೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದು ಎಷ್ಟು ತಡ ಅಂತ ತೋರಿಸುವ ಅಂಕಿ) ಏರಿದೆ, ಕಾಮಣಿ ಹೋಗಿ ಮತ್ತೆ ಬಂದಿದೆ, ಹಿಂದೆ ಒಡಹುಟ್ಟಿದವರೊಬ್ಬರು ‘ಕಾಮಣಿಯಿಂದ’ ತೀರಿಕೊಂಡಿದ್ದಾರೆ. ಕೊನೆಯದನ್ನು ಡಾಕ್ಟರ್ ಕೇಳದಿದ್ದರೂ ನೀವಾಗಿಯೇ ಹೇಳಿ.

ಕಾಪರ್ ರಿಪೋರ್ಟ್ ಬರುವ ಮೊದಲೇ ಡಾಕ್ಟರ್‌ಗೆ ಹೇಗೆ ಅನುಮಾನ ಬಂತು?

ಈ ಪುಟದಲ್ಲಿ ಇದೇ ಮುಖ್ಯವಾದ ಪ್ರಶ್ನೆ. ತಾಮ್ರದ ಟೆಸ್ಟ್‌ಗಳು ಸಾಮಾನ್ಯವಾಗಿ ಬೇರೆ ಊರಿನ ದೊಡ್ಡ ಲ್ಯಾಬಿಗೆ ಹೋಗಿ ಬರಬೇಕು. ಆದರೆ ಸುಳಿವು ಸಿಗುವುದು ಮೊದಲ ದಿನವೇ ಕೈಗೆ ಬರುವ ಮಾಮೂಲಿ, ಅಗ್ಗದ ಟೆಸ್ಟ್‌ಗಳಲ್ಲಿ: ಸಿಬಿಸಿ (ರಕ್ತಕಣಗಳ ಎಣಿಕೆ), ಎಲ್‌ಎಫ್‌ಟಿ (ಲಿವರ್ ಟೆಸ್ಟ್), ಪಿಟಿ-ಐಎನ್‌ಆರ್, ಕೂಂಬ್ಸ್ (ಇದರ ಬಗ್ಗೆ ಮುಂದೆ ಹೇಳಿದೆ). ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇರಲಿ, ಸತ್ತೂರಿನ ಎಸ್‌ಡಿಎಂ ಇರಲಿ, ಗದಗದ ಜಿಮ್ಸ್ ಇರಲಿ, ಇವುಗಳಿಗೆ ಬೆಂಗಳೂರಿನ ದಾರಿ ಕಾಯಬೇಕಿಲ್ಲ.

ಒಂದು ರಿಪೋರ್ಟ್ ಹಿಡಿದು ನೋಡೋಣ. ಇದು ಲೆಕ್ಕಕ್ಕಾಗಿ ಮಾಡಿದ ಉದಾಹರಣೆ. 12 ವರ್ಷದ ಹುಡುಗಿ. ಹಿಮೋಗ್ಲೋಬಿನ್ 6.8. ಬಿಳಿ ರಕ್ತಕಣ 16,000. ಕಾಮಣಿಯ ಹಳದಿಯನ್ನು ಅಳೆಯುವ ಒಟ್ಟು ಬಿಲಿರುಬಿನ್ 26. ಲಿವರ್ ಎಂಜೈಮ್‌ಗಳಾದ ಎಸ್‌ಜಿಒಟಿ 310, ಎಸ್‌ಜಿಪಿಟಿ 95. ಅಲ್ಕಲೈನ್ ಫಾಸ್ಫಟೇಸ್, ಅಂದರೆ ಎಎಲ್‌ಪಿ, 70. ಅಲ್ಬುಮಿನ್ 2.3. ಐಎನ್‌ಆರ್ 3.1, ವಿಟಮಿನ್ ಕೆ ಕೊಟ್ಟರೂ ಇಳಿದಿಲ್ಲ.

ಮೊದಲು ಎಸ್‌ಜಿಪಿಟಿ ನೋಡಿ. ವೈರಸ್‌ನಿಂದ ಲಿವರ್ ಇಷ್ಟು ಹದಗೆಟ್ಟಿದ್ದರೆ ಈ ಅಂಕಿ ಬಹಳ ಸಲ ಸಾವಿರಗಳಲ್ಲಿ ಇರುತ್ತದೆ. ಇಲ್ಲಿ ನೂರೂ ಇಲ್ಲ. ‘ಎಂಜೈಮ್ ಜಾಸ್ತಿ ಏನೂ ಇಲ್ಲ’ ಅಂತ ಯಾರಾದರೂ ಸಮಾಧಾನ ಹೇಳಿದರೆ ಅದು ದಾರಿ ತಪ್ಪಿಸುವ ಸಮಾಧಾನ. ಎಸ್‌ಜಿಒಟಿ ಮಾತ್ರ ಎಸ್‌ಜಿಪಿಟಿಯ ಮೂರು ಪಟ್ಟು ಇದೆ. ಕೆಂಪು ರಕ್ತಕಣದ ಒಳಗೂ ಎಸ್‌ಜಿಒಟಿ ಇರುತ್ತದೆ. ಕಣ ಒಡೆದಾಗ ಅದೂ ಹೊರಗೆ ಬರುತ್ತದೆ. ಬಿಲಿರುಬಿನ್ 26ಕ್ಕೆ ಹಾರಿದ್ದರಲ್ಲೂ ಒಡೆದ ಕಣಗಳ ಪಾಲಿದೆ. ಹಿಮೋಗ್ಲೋಬಿನ್ 6.8 ಇರುವುದು ಅದಕ್ಕೆ ಸಾಕ್ಷಿ. ಇನ್ನು ಎಎಲ್‌ಪಿ. ಮೂಳೆ ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಎಷ್ಟೋ ಜಾಸ್ತಿ ಇರಬೇಕು. 12ರ ಹುಡುಗಿಗೆ, ಅದೂ ಇಷ್ಟು ಕಾಮಣಿ ಇರುವಾಗ, 70 ಅಂದರೆ ಎದ್ದು ಕಾಣುವಷ್ಟು ಕಡಿಮೆ. ದವಾಖಾನೆಯಲ್ಲಿ ಇದರ ಜೊತೆ ಯೂರಿಕ್ ಆಸಿಡ್ ಕೂಡ ನೋಡಬಹುದು. ವಿಲ್ಸನ್‌ನಲ್ಲಿ ಅದೂ ಕೆಳಗಿರುತ್ತದೆ, ಏಕೆಂದರೆ ತಾಮ್ರದ ಪೆಟ್ಟು ತಿಂದ ಕಿಡ್ನಿ ಅದನ್ನು ಹೊರಗೆ ಬಿಡುತ್ತಿರುತ್ತದೆ.

ಇವೆಲ್ಲ ಒಟ್ಟಿಗೆ ಕಂಡರೆ ಅನುಭವಿ ಮಕ್ಕಳ ಡಾಕ್ಟರ್ ತಾಮ್ರದ ರಿಪೋರ್ಟ್‌ಗೆ ಕಾಯುವುದಿಲ್ಲ. ವಿಲ್ಸನ್ ಅಂತಲೇ ಹಿಡಿದು ಮುಂದಿನ ಏರ್ಪಾಡು ಶುರು ಮಾಡುತ್ತಾರೆ.

ಎಎಲ್‌ಪಿಯನ್ನು ಬಿಲಿರುಬಿನ್‌ನಿಂದ ಭಾಗಿಸಿದರೆ 4ಕ್ಕಿಂತ ಕಡಿಮೆ ಬರಬೇಕಂತೆ. ನಮ್ಮ ಮಗನದು 9 ಬಂತು. ನಿರಾಳ ಆಗಬಹುದಾ?

ಆ ಲೆಕ್ಕ 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ್ದು. ಎಎಲ್‌ಪಿ ಮತ್ತು ಬಿಲಿರುಬಿನ್ ಅನುಪಾತ 4ಕ್ಕಿಂತ ಕಡಿಮೆ, ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ ಅನುಪಾತ 2.2ಕ್ಕಿಂತ ಜಾಸ್ತಿ. ಎರಡೂ ಕೂಡಿದರೆ ಅಕ್ಯೂಟ್ ಲಿವರ್ ಫೇಲ್ಯೂರ್ ಆದವರಲ್ಲಿ ವಿಲ್ಸನ್ ಯಾರಿಗೆ ಅಂತ ಸ್ಪಷ್ಟವಾಗಿ ಬೇರ್ಪಡಿಸಲು ಬಂತು. ಮೇಲಿನ ಉದಾಹರಣೆಯಲ್ಲಿ 70 ಭಾಗ 26, ಅಂದರೆ 2.7. ಇನ್ನೊಂದು 310 ಭಾಗ 95, ಅಂದರೆ 3.3. ಎರಡೂ ಹೊಂದುತ್ತವೆ.

ಆದರೆ ಆ ಅಧ್ಯಯನ ಹೆಚ್ಚಾಗಿ ದೊಡ್ಡವರ ಮೇಲೆ ನಡೆದದ್ದು. ಮಕ್ಕಳಲ್ಲಿ ಮೂಳೆಯಿಂದ ಬರುವ ಎಎಲ್‌ಪಿ ಸೇರಿ ಅನುಪಾತ 4ಕ್ಕಿಂತ ಮೇಲೆಯೇ ಉಳಿಯಬಹುದು. ಆದ್ದರಿಂದ ಮಗುವಿಗೆ 2 ಬಂದರೆ ಗಂಭೀರ ಸುಳಿವು. 9 ಬಂದರೆ ವಿಲ್ಸನ್ ಇಲ್ಲ ಅಂತ ಅರ್ಥ ಅಲ್ಲ. ಮೊಬೈಲ್‌ನಲ್ಲಿ ಲೆಕ್ಕ ಹಾಕಿ ನಿರಾಳ ಆಗಬೇಡಿ.

ಕೂಂಬ್ಸ್ ಟೆಸ್ಟ್ ನೆಗೆಟಿವ್ ಅಂತ ಬಂದಿದೆ. ನೆಗೆಟಿವ್ ಅಂದ್ರೆ ಒಳ್ಳೆಯದೇ ಅಲ್ವಾ?

ಇಲ್ಲಿ ಹಾಗಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೆಂಪು ಕಣಗಳನ್ನು ಒಡೆಯುತ್ತಿದೆಯಾ ಅಂತ ಆ ಟೆಸ್ಟ್ ನೋಡುತ್ತದೆ. ನೆಗೆಟಿವ್ ಅಂದರೆ ಒಡೆಯುತ್ತಿರುವುದು ಬೇರೆ ಯಾವುದೋ ಅಂತ. ಲಿವರ್ ಫೇಲ್ ಆಗಿದೆ, ರಕ್ತಕಣ ಒಡೆಯುತ್ತಿದೆ, ಕೂಂಬ್ಸ್ ನೆಗೆಟಿವ್: ಈ ಮೂರು ಸೇರಿದರೆ ಮೊದಲು ನೆನಪಾಗಬೇಕಾದದ್ದು ವಿಲ್ಸನ್.

ಸೆರುಲೋಪ್ಲಾಸ್ಮಿನ್ 14 ಬಂದಿದೆ. ಕಾಯಿಲೆ ಖಾತ್ರಿ ಆಯ್ತಾ?

ಇನ್ನೂ ಇಲ್ಲ. ಸಾಮಾನ್ಯ ಮಟ್ಟ ಡೆಸಿಲೀಟರ್‌ಗೆ 20ರಿಂದ 40 ಮಿಲಿಗ್ರಾಂ. 20ಕ್ಕಿಂತ ಕೆಳಗೆ ಅನುಮಾನ. 10ಕ್ಕಿಂತ ಕೆಳಗೆ ಬಲವಾದ ಅನುಮಾನ. 10 ಮತ್ತು 20ರ ನಡುವೆ ಬಂದರೆ ತೊಡಕು ಶುರು. ಸೆರುಲೋಪ್ಲಾಸ್ಮಿನ್ ತಯಾರಾಗುವುದೇ ಲಿವರ್‌ನಲ್ಲಿ. ಲಿವರ್ ಯಾವ ಕಾರಣಕ್ಕೆ ಫೇಲ್ ಆದರೂ ಅದು ಕಡಿಮೆಯಾಗಬಹುದು. ತೀರಾ ಅಪೌಷ್ಟಿಕತೆ ಇದ್ದರೆ, ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಿಡ್ನಿ ಕಾಯಿಲೆ ಇದ್ದರೆ ಕೂಡ ಇಳಿಯುತ್ತದೆ. ವಾಹಕರಲ್ಲಿ ಐವರಲ್ಲಿ ಒಬ್ಬರಿಗೆ ಸುಮ್ನೆ ಕಡಿಮೆ ಇರುತ್ತದೆ. ಹಸುಗೂಸುಗಳಲ್ಲಿ ಹುಟ್ಟಿನಿಂದಲೇ ಕಡಿಮೆ. ಒಂದು ವರ್ಷ ತುಂಬುವ ಮೊದಲು ಈ ಟೆಸ್ಟ್ ನಂಬಿ ತೀರ್ಮಾನ ಮಾಡುವುದು ಸರಿಯಲ್ಲ.

ನಮ್ಮದು 24 ಬಂತು, ನಾರ್ಮಲ್. ಹಾಗಾದರೆ ವಿಲ್ಸನ್ ಇಲ್ಲ ತಾನೇ?

ಅದೂ ಹೇಳಲು ಬರುವುದಿಲ್ಲ. ಜ್ವರ, ಸೋಂಕು, ಉರಿಯೂತ ಇದ್ದಾಗ ಸೆರುಲೋಪ್ಲಾಸ್ಮಿನ್ ತಾನಾಗಿಯೇ ಏರುತ್ತದೆ. ಇಂಥ ಮಗುವಿಗೆ ಬಹಳ ಸಲ ಸೋಂಕೂ ಇರುತ್ತದೆ ಅಲ್ವಾ? 12 ಇರಬೇಕಾದದ್ದು ಹಾಗೆ 24 ಆಗಬಹುದು. ಇನ್ನೊಂದು ಕಾರಣ ಟೆಸ್ಟ್ ಮಾಡುವ ವಿಧಾನ. ಬಹುತೇಕ ಲ್ಯಾಬ್‌ಗಳು ತಾಮ್ರ ಸೇರಿದ, ಸೇರದ ಎರಡೂ ಬಗೆಯ ಸೆರುಲೋಪ್ಲಾಸ್ಮಿನನ್ನು ಒಟ್ಟಿಗೆ ಎಣಿಸುತ್ತವೆ. ಹಾಗಾಗಿ ಅಂಕಿ ಸ್ವಲ್ಪ ಉಬ್ಬಿರುತ್ತದೆ.

ತಾಮ್ರದ ಟೆಸ್ಟ್‌ಗಳು ಅತ್ಯಂತ ಕಡಿಮೆ ನಂಬಿಕೆಗೆ ಯೋಗ್ಯವಾಗುವುದು ಲಿವರ್ ಫೇಲ್ಯೂರ್ ಆದಾಗಲೇ. ನಮಗೆ ಅತ್ಯಂತ ಬೇಕಾಗುವುದೂ ಆಗಲೇ. ಇಂಥ ಹೊತ್ತಿನಲ್ಲಿ ಒಂದೇ ಅಂಕಿ ಹಿಡಿದು ‘ಇದೆ’, ‘ಇಲ್ಲ’ ಅನ್ನುವವರನ್ನು ಕಂಡರೆ ನನಗೆ ಭಯ.

ರಕ್ತದಲ್ಲಿ ಕಾಪರ್ ಕಡಿಮೆ ಅಂತ ರಿಪೋರ್ಟ್ ಬಂದಿದೆ. ತಾಮ್ರ ಜಾಸ್ತಿ ಆಗುವ ಕಾಯಿಲೆ ಅಂದಿರಲ್ಲ?

ಎಲ್ಲರೂ ಗಲಿಬಿಲಿ ಆಗುವುದು ಇಲ್ಲೇ. ರಕ್ತದ ತಾಮ್ರದಲ್ಲಿ ಬಹುಪಾಲು ಸೆರುಲೋಪ್ಲಾಸ್ಮಿನ್ ಒಳಗೆ ಕೂತಿರುತ್ತದೆ, ಬಸ್ಸಿನಲ್ಲಿ ಕೂತ ಪ್ರಯಾಣಿಕರ ಹಾಗೆ. ವಿಲ್ಸನ್‌ನಲ್ಲಿ ಬಸ್ಸೇ ಕಡಿಮೆ. ಹಾಗಾಗಿ ಒಟ್ಟು ಎಣಿಸಿದರೆ ಜನ ಕಡಿಮೆ. ಆದರೆ ಬಸ್ ಸಿಗದೆ ಸ್ಟ್ಯಾಂಡಿನಲ್ಲಿ ಅಲೆದಾಡುವವರು ಜಾಸ್ತಿ. ದೇಹಕ್ಕೆ ಕೇಡು ಮಾಡುವುದು ಆ ಅಲೆದಾಡುವ ತಾಮ್ರ.

ಅದನ್ನು ಅಂದಾಜು ಮಾಡಲು ಒಂದು ಲೆಕ್ಕ ಇದೆ. ಸೆರುಲೋಪ್ಲಾಸ್ಮಿನ್ ಅಂಕಿಯನ್ನು 3.15ರಿಂದ ಗುಣಿಸಿ, ಒಟ್ಟು ತಾಮ್ರದಿಂದ ಕಳೆಯಬೇಕು. ತಾಮ್ರ 60 ಮೈಕ್ರೋಗ್ರಾಂ, ಸೆರುಲೋಪ್ಲಾಸ್ಮಿನ್ 8 ಮಿಲಿಗ್ರಾಂ ಇದ್ದರೆ 60ರಲ್ಲಿ 25 ಕಳೆದು ಉಳಿದದ್ದು 35. 25 ದಾಟಿದರೆ ವಿಲ್ಸನ್ ಕಡೆಗೆ ಬೆರಳು. ಲಿವರ್ ಫೇಲ್ಯೂರ್ ಆದಾಗ ಮಾತ್ರ ಚಿತ್ರ ತಿರುಗುತ್ತದೆ. ಲಿವರ್‌ನಲ್ಲಿದ್ದ ತಾಮ್ರ ಹೊರಗೆ ಸುರಿಯುವುದರಿಂದ ಒಟ್ಟು ತಾಮ್ರವೇ 200 ದಾಟಬಹುದು. ಅಂದರೆ ಅದೇ ಕಾಯಿಲೆಯಲ್ಲಿ ಹೋದ ವರ್ಷ ಕಡಿಮೆ, ಈಗ ಜಾಸ್ತಿ ಬಂದರೆ ಲ್ಯಾಬ್ ತಪ್ಪು ಅಂತ ಜಗಳಕ್ಕೆ ಹೋಗಬೇಕಿಲ್ಲ.

ಈ ಲೆಕ್ಕವೂ ಕೆಲವೊಮ್ಮೆ ಕೈ ಕೊಡುತ್ತದೆ. ಸೆರುಲೋಪ್ಲಾಸ್ಮಿನ್ ಅಂಕಿ ಉಬ್ಬಿದ್ದರೆ ಉತ್ತರ ಸೊನ್ನೆಗಿಂತ ಕೆಳಗೂ ಹೋಗಬಹುದು. ಅದಕ್ಕೇ ಫ್ರಾನ್ಸಿನ ಸಂಶೋಧಕರು ಅಲೆದಾಡುವ ತಾಮ್ರವನ್ನೇ ನೇರವಾಗಿ ಅಳೆಯುವ ‘ಎಕ್ಸ್‌ಚೇಂಜಬಲ್ ಕಾಪರ್’ ಟೆಸ್ಟ್ ತಂದರು. ಒಳ್ಳೆಯ ಟೆಸ್ಟ್. ಆದರೆ ಎಲ್ಲ ಲ್ಯಾಬ್‌ಗಳಲ್ಲೂ ಸಿಗುವ ಟೆಸ್ಟ್ ಅಲ್ಲ.

ರಕ್ತ ತೆಗೆಯುವಾಗಿನ ಒಂದು ಮಾತು. ತಾಮ್ರ ಅಳೆಯಲು ಕಡು ನೀಲಿ ಮುಚ್ಚಳದ ವಿಶೇಷ ಟ್ಯೂಬ್ ಇರುತ್ತದೆ. ಮಾಮೂಲಿ ಟ್ಯೂಬಿನಲ್ಲಿ ಸೂಕ್ಷ್ಮ ಲೋಹದ ಅಂಶ ಸೇರಿ ಅಂಕಿ ಕೆಡಬಹುದು. ಸೆರುಲೋಪ್ಲಾಸ್ಮಿನ್‌ಗೆ ಮಾಮೂಲಿ ಸೀರಮ್ ಟ್ಯೂಬ್ ಸಾಕು. ರಕ್ತ ಅಥವಾ ಪ್ಲಾಸ್ಮಾ ಏರಿಸುವ ಮೊದಲೇ ಸ್ಯಾಂಪಲ್ ತೆಗೆಯಬೇಕು. ಏರಿಸಿದ ಮೇಲೆ ಬರುವುದು ದಾನಿಯ ಸೆರುಲೋಪ್ಲಾಸ್ಮಿನ್ ಕೂಡಿದ ಅಂಕಿ. ಗಡಿಬಿಡಿಯಲ್ಲಿ ಇದು ಮರೆತುಹೋಗಬಹುದು. ನೀವು ಒಂದು ಮಾತು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

24 ಗಂಟೆ ಮೂತ್ರ ಹಿಡಿಯಲು ಹೇಳಿದ್ದಾರೆ. ಹೇಗೆ?

ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ ಹಿಡಿಯಬೇಡಿ. ಅದು ಹೋಗಲಿ, ಹೊತ್ತು ಮಾತ್ರ ಬರೆದಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಹಗಲು ರಾತ್ರಿ ಎಲ್ಲವನ್ನೂ ಹಿಡಿದು, ಮರುದಿನ ಬೆಳಿಗ್ಗೆ ಅದೇ ಹೊತ್ತಿನ ಮೊದಲ ಮೂತ್ರವನ್ನೂ ಸೇರಿಸಿ ಮುಗಿಸಿ. ಲ್ಯಾಬ್‌ನವರು ಕೊಟ್ಟ ಪ್ಲಾಸ್ಟಿಕ್ ಕ್ಯಾನೇ ಆಗಬೇಕು. ಸ್ಟೀಲ್ ತಂಬಿಗೆಯಲ್ಲಿ ಹಿಡಿದು ಸುರಿಯಬೇಡಿ, ಹಳೆ ನೀರಿನ ಬಾಟಲಿ ಬೇಡ. ನಡುವೆ ಒಂದು ಸಲ ಶೌಚಾಲಯದಲ್ಲಿ ಹೋಗಿಬಿಟ್ಟರೆ ಮುಚ್ಚಿಡಬೇಡಿ, ಹೇಳಿ. ಮತ್ತೆ ಶುರು ಮಾಡಿದರಾಯ್ತು.

ಮಕ್ಕಳಲ್ಲಿ ದಿನಕ್ಕೆ 40 ಮೈಕ್ರೋಗ್ರಾಂ ದಾಟಿದರೆ ಅನುಮಾನ. 100 ದಾಟಿದರೆ ಬಲವಾದ ಸುಳಿವು. ಆದರೆ ಬೇರೆ ಕಾರಣದ ಲಿವರ್ ಫೇಲ್ಯೂರ್‌ನಲ್ಲೂ ಮೂತ್ರದ ತಾಮ್ರ ಏರಬಹುದು. ಕಿಡ್ನಿ ಕೈಕೊಟ್ಟು ಮೂತ್ರವೇ ಬರದಿದ್ದರೆ ಈ ಟೆಸ್ಟ್ ಮಾಡಲಿಕ್ಕೇ ಆಗುವುದಿಲ್ಲ.

ಕಣ್ಣಿನ ಡಾಕ್ಟರ್ ಹತ್ತಿರ ಯಾಕೆ ಕಳಿಸಿದರು?

ಕಪ್ಪುಗುಡ್ಡೆಯ ಅಂಚಿನಲ್ಲಿ ತಾಮ್ರ ಕೂತು ಕಂದು-ಹಸಿರು ಉಂಗುರ ಕಾಣಬಹುದು. ಕೈಸರ್-ಫ್ಲೈಷರ್ ರಿಂಗ್ ಅನ್ನುತ್ತಾರೆ. ಅದನ್ನು ಸ್ಲಿಟ್ ಲ್ಯಾಂಪ್‌ನಲ್ಲಿ, ಅಂದರೆ ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡಬೇಕು. ಟಾರ್ಚ್ ಬೆಳಕು ಸಾಲದು. ಕಂಡರೆ ದೊಡ್ಡ ಪುರಾವೆ. ಲಿವರ್ ತೊಂದರೆಯಿಂದ ಬಂದ ಅನೇಕ ಮಕ್ಕಳಲ್ಲಿ ಅದು ಇನ್ನೂ ಮೂಡಿರುವುದೇ ಇಲ್ಲ.

ಹೆಪಟೈಟಿಸ್ ಎ ಪಾಸಿಟಿವ್ ಬಂದಿದೆ. ಇನ್ನು ವಿಲ್ಸನ್ ಟೆಸ್ಟ್ ಯಾಕೆ?

ಎರಡೂ ಒಟ್ಟಿಗೆ ಇರಬಹುದು. ಮೊದಲೇ ತಾಮ್ರದಿಂದ ಸೋತ ಲಿವರ್‌ಗೆ ಹೆಪಟೈಟಿಸ್ ಎ ಅಥವಾ ಇ ಬಂದರೆ ಅದು ಒಮ್ಮೆಲೇ ಕುಸಿಯುತ್ತದೆ. ವೈರಸ್ ಸಿಕ್ಕಿತು ಅಂತ ಅಲ್ಲಿಗೇ ಹುಡುಕಾಟ ನಿಲ್ಲಿಸಿದರೆ ಕೆಳಗಿದ್ದ ಕಾಯಿಲೆ ಹಾಗೇ ಉಳಿಯುತ್ತದೆ. ಹಿಮೋಗ್ಲೋಬಿನ್ ಇಳಿದಿದ್ದರೆ, ಸ್ಕ್ಯಾನ್‌ನಲ್ಲಿ ಲಿವರ್ ಗಂಟುಗಂಟಾಗಿ ಕಂಡರೆ, ಗುಲ್ಮ ದೊಡ್ಡದಾಗಿದ್ದರೆ ಟೆಸ್ಟ್ ಮಾಡಿಸಲೇಬೇಕು.

ಜೀನ್ ಟೆಸ್ಟ್ ಒಂದೇ ಮಾಡಿಸಿದರೆ ಸಾಲದಾ? ಬಯಾಪ್ಸಿ?

ಜೀನ್ ಟೆಸ್ಟ್ ಸ್ವಲ್ಪ ರಕ್ತದಲ್ಲೇ ಆಗುತ್ತದೆ. ಎಟಿಪಿ7ಬಿಯಲ್ಲಿ ಈವರೆಗೆ 500ಕ್ಕೂ ಹೆಚ್ಚು ಬಗೆಯ ದೋಷಗಳು ಸಿಕ್ಕಿವೆ. ಎರಡೂ ಪ್ರತಿಯಲ್ಲಿ ದೋಷ ಸಿಕ್ಕರೆ ವಾದವೇ ಇಲ್ಲ. ಆದರೆ ಉತ್ತರಕ್ಕೆ ವಾರಗಳು ಬೇಕು. ಐಎನ್‌ಆರ್ 3 ಇರುವ ಮಗುವಿನ ಹತ್ತಿರ ವಾರಗಳಿಲ್ಲ. ಸ್ಯಾಂಪಲ್ ಈಗಲೇ ಕಳಿಸಿಡಿ. ಅದು ಮುಂದೆ ಅಣ್ಣ-ತಮ್ಮ, ಅಕ್ಕ-ತಂಗಿಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಬಯಾಪ್ಸಿಯಲ್ಲಿ, ಅಂದರೆ ಸೂಜಿಯಿಂದ ಲಿವರ್ ತುಣುಕು ತೆಗೆದು ನೋಡುವಾಗ, ಒಣ ಲಿವರ್ ತುಣುಕಿನ ಗ್ರಾಂಗೆ 250 ಮೈಕ್ರೋಗ್ರಾಂ ತಾಮ್ರ ದಾಟಿದರೆ ವಿಲ್ಸನ್‌ಗೆ ಹೊಂದುತ್ತದೆ. ರಕ್ತ ಹೆಪ್ಪುಗಟ್ಟದ ಮಗುವಿಗೆ ಹೊಟ್ಟೆಯ ಮೇಲಿಂದ ಸೂಜಿ ಹಾಕುವುದು ಅಪಾಯ. ಹಾಗಾಗಿ ಈ ಹಂತದಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ.

ಕೊನೆಗೆ ಡಾಕ್ಟರ್‌ಗಳು ಎಲ್ಲವನ್ನೂ ಅಂಕ ಹಾಕಿ ಕೂಡುತ್ತಾರೆ. ಲೈಪ್‌ಜಿಗ್ ಸ್ಕೋರ್ ಅಂತ ಅದರ ಹೆಸರು. ಕಣ್ಣಿನ ಉಂಗುರ, ನರದ ಲಕ್ಷಣ, ಸೆರುಲೋಪ್ಲಾಸ್ಮಿನ್, ಕೂಂಬ್ಸ್ ನೆಗೆಟಿವ್ ರಕ್ತಹೀನತೆ, ಮೂತ್ರದ ತಾಮ್ರ, ಲಿವರ್‌ನ ತಾಮ್ರ, ಜೀನ್: ಒಂದೊಂದಕ್ಕೂ ಅಂಕ. 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವಿಲ್ಸನ್ ಅಂತಲೇ ತೀರ್ಮಾನ.

ರಿಪೋರ್ಟ್ ಬರುವ ತನಕ ಇಲ್ಲೇ ಇರೋಣವಾ, ಬೆಂಗಳೂರಿಗೆ ಹೊರಡೋಣವಾ?

ಮಕ್ಕಳಲ್ಲಿ ಅಕ್ಯೂಟ್ ಲಿವರ್ ಫೇಲ್ಯೂರ್ ಅನ್ನಲು ಒಂದು ಅಳತೆ ಇದೆ. ವಿಟಮಿನ್ ಕೆ ಕೊಟ್ಟ ಮೇಲೂ ಐಎನ್‌ಆರ್ 2 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ ಮಂಪರು, ತೊದಲು, ಗಲಿಬಿಲಿ ಇದ್ದು 1.5 ದಾಟಿದ್ದರೆ ಅದು ಫೇಲ್ಯೂರ್. ಆ ಗೆರೆ ದಾಟಿದ ಮಗು ಲಿವರ್ ಕಸಿ ಮಾಡುವ ಕೇಂದ್ರದ ಕಣ್ಣಿಗೆ ಬೀಳಬೇಕು. ತಾಮ್ರದ ರಿಪೋರ್ಟ್ ಬರಲಿ, ಬಿಡಲಿ.

ವಿಲ್ಸನ್ ಮಕ್ಕಳಿಗೆಂದೇ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯವರು 2005ರಲ್ಲಿ ಹೊಸ ವಿಲ್ಸನ್ ಇಂಡೆಕ್ಸ್ ಮಾಡಿದರು. ಬಿಲಿರುಬಿನ್, ಐಎನ್‌ಆರ್, ಎಸ್‌ಜಿಒಟಿ, ಬಿಳಿ ರಕ್ತಕಣ, ಅಲ್ಬುಮಿನ್, ಈ ಐದಕ್ಕೆ ಸೊನ್ನೆಯಿಂದ 4ರ ತನಕ ಅಂಕ. ಒಟ್ಟು 11 ಅಥವಾ ಜಾಸ್ತಿ ಬಂದರೆ ಬರೀ ಔಷಧದಿಂದ ಮಗು ಉಳಿಯುವ ಸಾಧ್ಯತೆ ತೀರಾ ಕಡಿಮೆ, ಕಸಿ ಬೇಕು. ನಮ್ಮ ಉದಾಹರಣೆಯ ಹುಡುಗಿಗೆ ಇಟ್ಟು ನೋಡಿ: ಬಿಲಿರುಬಿನ್‌ಗೆ 4, ಐಎನ್‌ಆರ್‌ಗೆ 4, ಎಸ್‌ಜಿಒಟಿಗೆ 3, ಬಿಳಿ ಕಣಕ್ಕೆ 4, ಅಲ್ಬುಮಿನ್‌ಗೆ 3. ಒಟ್ಟು 18. ಈ ಐದೂ ಮೊದಲ ದಿನವೇ ಊರಲ್ಲೇ ಸಿಕ್ಕ ಅಂಕಿಗಳು. ಇದರಲ್ಲಿ ತಾಮ್ರದ ಟೆಸ್ಟ್ ಒಂದೂ ಇಲ್ಲ ಅನ್ನುವುದನ್ನು ಗಮನಿಸಿ.

ಹುಬ್ಬಳ್ಳಿಯಿಂದ ಬೆಂಗಳೂರು ರಸ್ತೆಯಲ್ಲಿ 400 ಕಿಲೋಮೀಟರ್ ಆಸುಪಾಸು. ಮಗುವಿಗೆ ಎಚ್ಚರ ಇರುವಾಗಿನ ಪ್ರಯಾಣ ಬೇರೆ, ಕೋಮಾಕ್ಕೆ ಜಾರಿದ ಮೇಲಿನ ಪ್ರಯಾಣ ಬೇರೆ. ಸ್ವಂತ ಕಾರಿನಲ್ಲಿ, ರಾತ್ರಿ ಬಸ್ಸಿನಲ್ಲಿ ಹೊರಡಬೇಡಿ. ಐಸಿಯು ಆಂಬುಲೆನ್ಸ್ ಬೇಕು, ಸಕ್ಕರೆ ಮಟ್ಟ ನೋಡುತ್ತಾ ಹೋಗುವವರು ಬೇಕು. ಲಿವರ್ ಕೆಟ್ಟ ಮಗುವಿಗೆ ದಾರಿಯಲ್ಲಿ ಸಕ್ಕರೆ ದಿಢೀರ್ ಇಳಿಯಬಹುದು. ಹೊರಡುವ ಮೊದಲೇ ಇಲ್ಲಿನ ಡಾಕ್ಟರ್ ಅಲ್ಲಿನ ಡಾಕ್ಟರ್ ಜೊತೆ ಮಾತಾಡಿರಲಿ. ಎಲ್ಲ ರಿಪೋರ್ಟ್‌ಗಳ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ, ಮೂಲ ಪ್ರತಿ ಕೈಯಲ್ಲಿಟ್ಟುಕೊಳ್ಳಿ.

ಕಸಿಗೆ ಅಪ್ಪ ಅಥವಾ ಅಮ್ಮ ಲಿವರ್ ಕೊಡಬಹುದಾ? ಅವರಲ್ಲೂ ಕೆಟ್ಟ ಜೀನ್ ಇದೆಯಲ್ಲ?

ಕೊಡಬಹುದು. ವಾಹಕರ ಲಿವರ್‌ನಲ್ಲಿ ಒಂದು ಒಳ್ಳೆಯ ಜೀನ್ ಇದೆ, ತಾಮ್ರ ಹೊರಹಾಕಲು ಅದು ಸಾಕು. ಅವರ ಲಿವರ್‌ನ ಒಂದು ಭಾಗ ತೆಗೆದು ಹಾಕುತ್ತಾರೆ, ಉಳಿದದ್ದು ಮತ್ತೆ ಬೆಳೆಯುತ್ತದೆ. ಹೊಸ ಲಿವರ್ ಬಂದ ಮೇಲೆ ತಾಮ್ರದ ತೊಂದರೆಯೇ ಹೋಗುತ್ತದೆ. ಕಸಿಯ ಔಷಧ ಮಾತ್ರ ಮುಂದುವರಿಯುತ್ತದೆ. ಮೃತರ ಅಂಗದಾನಕ್ಕೆ ಹೆಸರು ಬರೆಸುವುದು ರಾಜ್ಯದ ಜೀವಸಾರ್ಥಕತೆ ಮೂಲಕ, ಕಸಿ ಆಸ್ಪತ್ರೆಯವರೇ ಮಾಡುತ್ತಾರೆ. ಬಿಪಿಎಲ್ ಕಾರ್ಡ್ ಇದ್ದವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಅಂಗಾಂಗ ಕಸಿ ಯೋಜನೆಯ ಬಗ್ಗೆ ಮೊದಲ ದಿನವೇ ವಿಚಾರಿಸಿ.

ಮನೆಯಲ್ಲಿ ಇನ್ನಿಬ್ಬರು ಮಕ್ಕಳಿದ್ದಾರೆ, ಆರಾಮಾಗಿದ್ದಾರೆ. ಅವರಿಗೂ ಟೆಸ್ಟ್ ಬೇಕಾ?

ಖಂಡಿತ ಬೇಕು. ಒಡಹುಟ್ಟಿದ ಪ್ರತಿಯೊಬ್ಬರಿಗೂ ಕಾಯಿಲೆ ಇರುವ ಸಾಧ್ಯತೆ 25 ಶೇಕಡಾ. ಅವರು ಆರಾಮಾಗಿರುವಾಗಲೇ ಟೆಸ್ಟ್‌ಗಳು ಹೆಚ್ಚು ಸರಿಯಾಗಿ ಹೇಳುತ್ತವೆ. ಎಲ್‌ಎಫ್‌ಟಿ, ಸೆರುಲೋಪ್ಲಾಸ್ಮಿನ್, 24 ಗಂಟೆ ಮೂತ್ರ, ಕಣ್ಣು, ಸಾಧ್ಯವಾದರೆ ಜೀನ್. ಈ ಹಂತದಲ್ಲಿ ಸಿಕ್ಕರೆ ಸತುವಿನ ಅಂದರೆ ಜಿಂಕ್ ಮಾತ್ರೆಯಂಥ ಔಷಧದಲ್ಲೇ ಲಿವರ್ ಉಳಿಸಿಕೊಳ್ಳಬಹುದು. ಸತು ಕರುಳಿನಲ್ಲೇ ತಾಮ್ರವನ್ನು ತಡೆಯುತ್ತದೆ. ಒಂದು ಮಗು ಐಸಿಯುನಲ್ಲಿ ಇರುವಾಗ ಇನ್ನೊಂದರ ರಕ್ತ ತೆಗೆಸಲು ಮನಸ್ಸು ಒಪ್ಪುವುದಿಲ್ಲ, ಖರೆ. ಆ ವಾರ ಆಗದಿದ್ದರೆ ಆ ತಿಂಗಳೊಳಗೆ ಮಾಡಿಸಿ.

ಮಗನ ಅಕ್ಷರ ಕೆಟ್ಟಿದೆ, ಕೈ ನಡುಗುತ್ತದೆ. ಇದೂ ಅದೇನಾ?

ಇರಬಹುದು. ತಾಮ್ರ ಮಿದುಳಿಗೂ ಹೋಗುತ್ತದೆ. ನಡುಕ, ಜೊಲ್ಲು, ತೊದಲು, ಓದಿನಲ್ಲಿ ಹಿಂದೆ ಬೀಳುವುದು, ಸಿಟ್ಟು. ನರರೋಗದ ಡಾಕ್ಟರ್‌ಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ಈ ರೋಗಿಗಳನ್ನು ನೋಡುತ್ತಿದೆ. ಮೂರು ದಶಕದಲ್ಲಿ ಬಂದ 282 ರೋಗಿಗಳ ಬಗ್ಗೆ ಅಲ್ಲಿನವರು 2007ರಲ್ಲೇ ಬರೆದಿದ್ದಾರೆ.

ತಾಮ್ರದ ತಂಬಿಗೆಯ ನೀರು ಕುಡಿಸಿದ್ದೇ ಕಾರಣವಾ?

ಅಲ್ಲ. ವಿಲ್ಸನ್ ಬರುವುದು ಜೀನ್‌ನಿಂದ. ಅಜ್ಜಿ ಕುಡಿಸಿದ ನೀರಿನಿಂದಲ್ಲ. ಆದರೆ ಕಾಯಿಲೆ ಇರುವ ಮಗುವಿಗೆ ತಾಮ್ರದ ಕೊಡದ ನೀರು ಬೇಡ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಲಾಯಿ ಇಲ್ಲದೆ ಸಾರು, ಮಜ್ಜಿಗೆ, ಹುಣಸೆ ಹುಳಿ ಇಡಬೇಡಿ. ಹುಳಿ ತಾಮ್ರವನ್ನು ಎಳೆಯುತ್ತದೆ.

ಹಿರಿಯರು ನೆನಪಿಸುವ ಇನ್ನೊಂದು ಕಾಯಿಲೆ ಇತ್ತು, ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲನ್ನು ಕೂಸಿಗೆ ಕುಡಿಸುವುದಕ್ಕೂ ಅದಕ್ಕೂ ನಂಟಿದೆ ಅಂತ 1980ರ ದಶಕದಲ್ಲಿ ಪುಣೆಯಲ್ಲಿ ನಡೆದ ಕೆಲಸ ತೋರಿಸಿತು. ಮನೆಗಳಿಗೆ ಸ್ಟೀಲ್ ಪಾತ್ರೆ ಬಂದ ಮೇಲೆ ಅದು ಹೆಚ್ಚುಕಡಿಮೆ ಕಣ್ಮರೆಯಾಯಿತು. ಅದು 5 ವರ್ಷದೊಳಗಿನ ಮಕ್ಕಳ ಕಾಯಿಲೆ. ಅದರಲ್ಲಿ ಸೆರುಲೋಪ್ಲಾಸ್ಮಿನ್ ಕಡಿಮೆ ಇರುತ್ತಿರಲಿಲ್ಲ. ವಿಲ್ಸನ್‌ನಿಂದ ಅದನ್ನು ಬೇರೆ ಮಾಡುತ್ತಿದ್ದ ಸುಳಿವುಗಳಲ್ಲಿ ಇದೂ ಒಂದು.

ಊಟದಲ್ಲಿ ಶೇಂಗಾ ಚಟ್ನಿ ಬಿಡಬೇಕಾ?

ಮೊದಲ ವರ್ಷದ ಮಟ್ಟಿಗೆ ಬಿಡಬೇಕು. ಶೇಂಗಾ, ಎಳ್ಳು, ಗುರೆಳ್ಳು, ಅಗಸಿ, ಗೋಡಂಬಿ, ಚಾಕಲೇಟ್, ಅಣಬೆ, ಕುರಿಯ ಲಿವರ್, ಇವುಗಳಲ್ಲಿ ತಾಮ್ರ ಜಾಸ್ತಿ. ರೊಟ್ಟಿ ಊಟದವರಿಗೆ ಇದು ಕಷ್ಟದ ಮಾತೇ. ಜೋಳದ ರೊಟ್ಟಿ, ಅನ್ನ, ಮೊಸರು, ಹಾಲು, ಕಾಯಿಪಲ್ಲೆಗೆ ಅಡ್ಡಿಯಿಲ್ಲ. ತಾಮ್ರ ಹತೋಟಿಗೆ ಬಂದ ಮೇಲೆ ಡಾಕ್ಟರ್ ಸ್ವಲ್ಪ ಸಡಿಲ ಬಿಡುತ್ತಾರೆ. ಬರೀ ಪಥ್ಯದಿಂದ ಈ ಕಾಯಿಲೆ ನಿಲ್ಲುವುದಿಲ್ಲ.

ಕಾಮಣಿಗೆ ನಾಟಿ ಔಷಧ ಕೊಡಿಸಿದರೆ ತಪ್ಪೇನು?

ತಾನೇ ಇಳಿಯುವ ಕಾಮಣಿ ಯಾವ ಔಷಧಕ್ಕೂ ಇಳಿಯುತ್ತದೆ. ಹೆಸರು ಔಷಧಕ್ಕೆ ಬರುತ್ತದೆ. ಐಎನ್‌ಆರ್ ಏರಿದ ಮಗುವಿಗೆ ಅದರಲ್ಲಿ ಕಳೆಯುವ ನಾಲ್ಕು ದಿನವೇ ದೊಡ್ಡ ನಷ್ಟ. ಕೆಲವು ಭಸ್ಮಗಳಲ್ಲಿ ತಾಮ್ರವೇ ಇರುತ್ತದೆ. ಬರೆ ಹಾಕಿಸಿದರೆ ಹೆಪ್ಪುಗಟ್ಟದ ರಕ್ತಕ್ಕೆ ಗಾಯ, ಗಾಯಕ್ಕೆ ಸೋಂಕು. ಈಗಾಗಲೇ ಕೊಡಿಸಿದ್ದರೆ ಯಾವುದು, ಎಷ್ಟು ದಿನ ಅಂತ ಡಾಕ್ಟರ್‌ಗೆ ಹೇಳಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ರೋಗ ಪತ್ತೆಯೇ ದಾರಿ ತಪ್ಪುತ್ತದೆ.

ಚಿಕಿತ್ಸೆ ಶುರುವಾದ ಮೇಲೂ ರಕ್ತ ಪರೀಕ್ಷೆ ಯಾಕೆ? ಮಗಳು ಈಗ ಪೂರ್ತಿ ಆರಾಮ, ಮಾತ್ರೆ ನಿಲ್ಲಿಸಬಹುದಾ?

ತಾಮ್ರವನ್ನು ಮೂತ್ರದಲ್ಲಿ ಎಳೆದು ಹಾಕುವ ಪೆನಿಸಿಲ್ಲಮೈನ್ 1956ರಿಂದ ಬಳಕೆಯಲ್ಲಿದೆ. ಒಳ್ಳೆಯ ಔಷಧ, ಆದರೆ ಬಿಳಿ ಕಣ, ಪ್ಲೇಟ್‌ಲೆಟ್ ಇಳಿಸಬಹುದು, ಮೂತ್ರದಲ್ಲಿ ಪ್ರೋಟೀನ್ ಹೋಗುವಂತೆ ಮಾಡಬಹುದು. ಅದಕ್ಕೆ ಸಿಬಿಸಿ ಮತ್ತು ಮೂತ್ರ ಪರೀಕ್ಷೆ ಮೊದಲ ತಿಂಗಳುಗಳಲ್ಲಿ ಮೇಲಿಂದ ಮೇಲೆ, ಆಮೇಲೆ ವರ್ಷಕ್ಕೆ ಎರಡು ಸಲವಾದರೂ. ಊಟದ ಜೊತೆ ಕೊಟ್ಟರೆ ಮಾತ್ರೆ ಸರಿಯಾಗಿ ಸೇರುವುದಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು ಕೊಡಿ, ಜೊತೆಗೆ ವಿಟಮಿನ್ ಬಿ6. ಸೆರುಲೋಪ್ಲಾಸ್ಮಿನ್ ಮತ್ತೆ ಮತ್ತೆ ಮಾಡಿಸುವುದರಲ್ಲಿ ಅರ್ಥವಿಲ್ಲ. ಔಷಧ ನಾಟಿದೆಯಾ ಅಂತ ಅದು ಹೇಳುವುದಿಲ್ಲ. ಎಲ್‌ಎಫ್‌ಟಿ, ಐಎನ್‌ಆರ್, 24 ಗಂಟೆ ಮೂತ್ರದ ತಾಮ್ರ ಹೇಳುತ್ತವೆ.

ಮಾತ್ರೆ ನಿಲ್ಲಿಸಬಾರದು. ಕಸಿ ಆಗದ ಮಗುವಿಗೆ ಇದು ಜೀವನಪೂರ್ತಿ. ವರ್ಷಗಳ ಕಾಲ ಆರಾಮಾಗಿದ್ದು, ಹಾಸ್ಟೆಲಿಗೆ ಹೋದ ಮೇಲೆ ಅಥವಾ ಮದುವೆ ಗೊತ್ತಾದಾಗ ಮಾತ್ರೆ ಬಿಟ್ಟು, ಕೆಲವೇ ತಿಂಗಳಲ್ಲಿ ಲಿವರ್ ಫೇಲ್ ಆಗಿ ಬರುವವರಿದ್ದಾರೆ. ಬಸುರಿನಲ್ಲೂ ಪೂರ್ತಿ ನಿಲ್ಲಿಸುವುದಿಲ್ಲ, ಡೋಸ್ ಅಥವಾ ಔಷಧ ಬದಲಿಸುತ್ತಾರೆ. ಊರಿನ ಔಷಧ ಅಂಗಡಿಯಲ್ಲಿ ಈ ಮಾತ್ರೆ ಯಾವಾಗಲೂ ಇರುವುದಿಲ್ಲ. ಡಬ್ಬಿಯಲ್ಲಿ ಒಂದು ತಿಂಗಳಿನದು ಉಳಿದಿರುವಾಗಲೇ ಮುಂದಿನದಕ್ಕೆ ಹೇಳಿಡಿ.